ಅರ್ಧ ಕೀಲಿಯ ಪಾಠ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಲಯ ಎಣಿಸುವ ಮರದ ಮೆಟ್ರೊನೋಮ್ ನನ್ನ ಕೈಗೆ ಬಂದ ದಿನ ಜೋರು ಮಳೆ, ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಬೀಳ್ಕೊಡುಗೆಯ ದಿನ ಮೈಕಿನ ಮುಂದೆಯೂ ಹೇಳಿದೆ. ಮನೆಗೆ ಬಂದ ಮೇಲೆ ಹೊಳೆಯಿತು: ಅದನ್ನು ನನಗೆ ಕೊಟ್ಟ ಫಿಲೋಮಿನಾ ಟೀಚರ್ ಸಾಗರ ಬಿಟ್ಟು ಹೋದದ್ದು ಬೇಸಿಗೆ ರಜೆಯಲ್ಲಿ. ಆ ಮಳೆ ಎಲ್ಲಿಂದ ಬಂತೋ ತಿಳಿಯದು. ಹೇಳುತ್ತಾ ಹೇಳುತ್ತಾ ನಾನೇ ತರಿಸಿಕೊಂಡಿರಬೇಕು. ಚಿಕ್ಕಂದಿನಿಂದ ಡೈರಿ ಬರೆಯುವ ಅಭ್ಯಾಸವಿದೆ, ಆದರೆ ಅದೂ ನಂಬಿಕೆಗೆ ಸಾಲದು. ದೊಡ್ಡ ದಿನಗಳಲ್ಲಿ ಬರೆಯಲು ಪುರುಸೊತ್ತಿರುತ್ತಿರಲಿಲ್ಲ. ಏನೂ ನಡೆಯದ ದಿನಗಳಲ್ಲಿ ಪುಟ ತುಂಬ ಬರೆದಿದ್ದೇನೆ.

ಆದರೂ ಬರೆಯಲು ಕೂತದ್ದು ಅಕ್ಕನ ಮಗಳು ಚೇತನಾ ಕೇಳಿದ್ದಕ್ಕೆ. ನಾನು ನಿವೃತ್ತಳಾದ ಮೇಲೆ ನಮ್ಮ ಸಂಗೀತ ಶಾಲೆಯ ವಯೊಲಿನ್ ತರಗತಿಗಳನ್ನು ಅವಳೇ ನೋಡಿಕೊಳ್ಳುತ್ತಾಳೆ. ಹೊಸ ಮೆಟ್ರೊನೋಮ್ ಕೊಡಿಸಲು ಪೋಷಕರು ಮುಂದೆ ಬಂದಿದ್ದಾರಂತೆ. ಫೋನ್ ಮಾಡಿದಳು.

"ಚಿಕ್ಕಿ, ಕೀಲಿದು ತಗೊಳ್ಳಲಾ, ಬ್ಯಾಟರಿದು ತಗೊಳ್ಳಲಾ? ಒಂದೇ ಮಾತಲ್ಲಿ ಹೇಳು."

"ಒಂದೇ ಮಾತಲ್ಲಿ ಹೇಳೋಕೆ ಬರಲ್ಲ ಕಣೆ."

"ಗೊತ್ತಿತ್ತು. ಹಂಗಾರೆ ಬರ್ದು ಕೊಡು. ಹೊಸದಾಗಿ ಸೇರಿದ ಮೇಷ್ಟ್ರುಗಳಿಗೂ ಓದ್ಸ್ತೀನಿ."

ಹಾಗಾಗಿ ಇದು ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ. ನನ್ನ ಸಂಬಳ ಯಾವಾಗ ಏರಿತು, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಉಪಯೋಗವಿಲ್ಲ.

ನಮ್ಮಪ್ಪ ಗೇಣಿ ಮಾಡುತ್ತಿದ್ದ ಗದ್ದೆ ನಮ್ಮದೇ ಆದಾಗ ನಾನಿನ್ನೂ ಚಿಕ್ಕವಳು. ಮನೆತನದಲ್ಲಿ ಯಾರೂ ಪಿಟೀಲು ಮುಟ್ಟಿದವರಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಿ ಸಂಗೀತದಲ್ಲಿ ಎಂ.ಎ. ಮಾಡಿ ಬಂದಾಗ ಸಾಗರದ ಪರಮೇಶ್ವರಯ್ಯ ಮಾಸ್ತರರ ಶಾಲೆಯಲ್ಲಿ ಕೆಲಸ ಸಿಕ್ಕಿತು. ವಾರದ ಹೆಚ್ಚಿನ ದಿನ ಸಾಗರ, ಉಳಿದ ದಿನ ಹೊಸನಗರ ಮತ್ತು ತೀರ್ಥಹಳ್ಳಿಯ ಶಾಖೆಗಳು. ಒಂದು ಹೆಗಲಿಗೆ ವಯೊಲಿನ್, ಇನ್ನೊಂದಕ್ಕೆ ಟಿಫನ್ ಬಾಕ್ಸಿನ ಚೀಲ. ಮುಂದೆ ಆ ಚೀಲದಲ್ಲೇ ಮೆಟ್ರೊನೋಮೂ ಸೇರಿಕೊಂಡಿತು.

ನೋಡದವರಿಗಾಗಿ ಹೇಳುತ್ತೇನೆ. ಮೆಟ್ರೊನೋಮ್ ಎಂದರೆ ಲಯ ತೋರಿಸುವ ಯಂತ್ರ. ಹಳೆಯದು ಗೋಪುರದ ಆಕಾರದ ಮರದ ಡಬ್ಬಿ. ಪಕ್ಕದಲ್ಲಿ ಕೀಲಿ, ಮುಂದೆ ತಲೆಕೆಳಗಾದ ಲೋಲಕ, ಅದರ ಮೇಲೆ ಸರಿಸಬಹುದಾದ ಒಂದು ತೂಕ. ತೂಕ ಮೇಲಿಟ್ಟರೆ ನಿಧಾನ, ಕೆಳಗಿಟ್ಟರೆ ಬೇಗ. ಕೀಲಿ ಕೊಟ್ಟರೆ ಸ್ಪ್ರಿಂಗ್ ಮುಗಿಯುವವರೆಗೆ ಟಕ್ ಟಕ್ ಎನ್ನುತ್ತಲೇ ಇರುತ್ತದೆ. ಫಿಲೋಮಿನಾ ಟೀಚರ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ತಂಗಿಯ ಊರಿಗೆ ಹೊರಟಾಗ, "ಇದು ನನ್ನ ಲಗೇಜಿನಲ್ಲಿ ಹಿಡಿಯೂದಿಲ್ಲ, ನೀನೇ ಇಟ್ಕೊ" ಎಂದು ನನಗೆ ಕೊಟ್ಟರು. ಮನೆಯಲ್ಲಿ ಕೀಲಿ ಕೊಟ್ಟು ತೋರಿಸಿದಾಗ ಅಮ್ಮ ಕೇಳಿದ್ದು ಚೆನ್ನಾಗಿ ನೆನಪಿದೆ: "ಎಂತಕ್ಕೆ ಹಿಂಗೆ ತಲೆ ಅಲ್ಲಾಡ್ಸ್ತೈತೆ? ಬ್ಯಾಡ ಬ್ಯಾಡ ಅಂತೈತಾ?"

ಮಾಸ್ತರರೂ ಬೇಡವೆಂದೇ ಹೇಳಿದರು. "ಇದೆಂತದು ರೇಣುಕಾ, ಕ್ಲಾಸಿಗೆ ಗಡಿಯಾರ ತಂದ್ಯಾ?" ಅವರ ಪ್ರಕಾರ ತಾಳ ತೊಡೆಯ ಮೇಲಿರಬೇಕು, ಡಬ್ಬಿಯೊಳಗಲ್ಲ. ನಾನು ಓದಿ ಬಂದವಳೆಂಬ ಹುರುಪಿನಲ್ಲಿ ವಾದಿಸಿದೆ. ಕೊನೆಗೆ ಅವರು, "ನನ್ನ ಕಣ್ಣೆದುರು ಬೇಡ. ಹೊಸನಗರ, ತೀರ್ಥಹಳ್ಳೀಲಿ ಏನಾದ್ರೂ ಮಾಡ್ಕೊ" ಎಂದರು. ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಹೊಸನಗರದಲ್ಲಿ ಒಂದು ಹಳೆಯ ರೈಸ್ ಮಿಲ್ಲಿನ ಆಫೀಸ್ ಕೋಣೆ ನಮ್ಮ ತರಗತಿ. ಹಿಂದೊಮ್ಮೆ ಅಲ್ಲಿ ನೀರು ಹರಿದು ಹೋಗಲೆಂದು ನೆಲವನ್ನು ಸ್ವಲ್ಪ ಇಳಿಜಾರು ಮಾಡಿದ್ದರು. ಕಣ್ಣಿಗೆ ಕಾಣುವಷ್ಟಲ್ಲ. ಮೆಟ್ರೊನೋಮನ್ನು ನೆಲದ ಮೇಲಿಟ್ಟು ಮಕ್ಕಳನ್ನು ಸುತ್ತ ಕೂರಿಸಿ ಸರಳೆ ವರಸೆ ಹೇಳಿಕೊಡುತ್ತಿದ್ದೆ. ಮಕ್ಕಳು ಲಯಕ್ಕೆ ಎಷ್ಟು ಚೆನ್ನಾಗಿ ಅಂಟಿಕೊಂಡರೆಂದರೆ ನನಗೇ ಹೆಮ್ಮೆ. ವರ್ಷದ ಕೊನೆಗೆ ಮೂರೂ ಊರಿನ ಮಕ್ಕಳು ಸಾಗರದಲ್ಲಿ ಒಟ್ಟಿಗೆ ನುಡಿಸುವ ಪದ್ಧತಿ. ಸಾಗರದ ಮಕ್ಕಳ ಜೊತೆ ಹೊಸನಗರದವರು ಶುರು ಮಾಡಿದರು. ಎರಡು ಸಾಲು ಮುಗಿಯುವುದರೊಳಗೆ ಏನೋ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತಾಯಿತು. ನಮ್ಮ ಮಕ್ಕಳು ಒಂದು ಸ್ವರ ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ ಹೀಗೆ ನುಡಿಸುತ್ತಿದ್ದರು. ಅದೂ ಎಲ್ಲರೂ ಒಂದೇ ಥರ!

ಮಾಸ್ತರರು ಕೈಯೆತ್ತಿ ನಿಲ್ಲಿಸಿದರು. "ಹೊಸನಗರದ ಮಕ್ಕಳಿಗೆಲ್ಲ ಒಂದೇ ಕಾಲು ಗಿಡ್ಡನಾ ರೇಣುಕಾ?"

ಸಭೆ ನಕ್ಕಿತು. ನಾನೂ ನಕ್ಕೆ. ಬೇರೆ ಏನು ಮಾಡಲಿ?

ಮುಂದಿನ ವಾರ ಮಿಲ್ಲಿನ ಕೋಣೆಯಲ್ಲಿ ಒಬ್ಬಳೇ ಕೂತು ಮೆಟ್ರೊನೋಮಿಗೆ ಕಿವಿಗೊಟ್ಟೆ. ಕಣ್ಣು ಮುಚ್ಚಿದಾಗ ಗೊತ್ತಾಯಿತು. ಟಕ್ ಆದ ಮೇಲೆ ಸ್ವಲ್ಪ ಹೆಚ್ಚು ಹೊತ್ತು, ಮತ್ತೆ ಟಕ್ ಆದ ಮೇಲೆ ಸ್ವಲ್ಪ ಕಡಿಮೆ ಹೊತ್ತು. ಲೋಲಕದ ಯಂತ್ರ ಸಮತಟ್ಟಾಗಿ ಕೂರದಿದ್ದರೆ ಕುಂಟುತ್ತದೆ. ಮಕ್ಕಳು ತಪ್ಪೇನೂ ಮಾಡಿರಲಿಲ್ಲ, ಕೇಳಿದ್ದನ್ನು ಕೇಳಿದ ಹಾಗೇ ಕಲಿತಿದ್ದರು. ಕೈಚೀಲದಲ್ಲಿದ್ದ ಬಸ್ ಟಿಕೆಟ್ ಮಡಚಿ ಡಬ್ಬಿಯ ಒಂದು ಪಕ್ಕಕ್ಕೆ ಕೊಟ್ಟೆ. ಕುಂಟು ಕಡಿಮೆಯಾಯಿತು. ಇನ್ನೊಂದು ಮಡಿಕೆ ಹಾಕಿದೆ. ಸರಿಹೋಯಿತು.

ಅಂದಿನಿಂದ ಎರಡೂ ಶಾಖೆಗಳಲ್ಲಿ ಒಂದು ಕ್ರಮ ಬಂತು. ತರಗತಿ ಶುರುವಾಗುವ ಮೊದಲು ಮಕ್ಕಳೇ ಡಬ್ಬಿ ಇಟ್ಟು, ಟಿಕೆಟ್ ಮಡಚಿ ಕೊಟ್ಟು, ಕೀಲಿ ತಿರುವಿ, ಕಣ್ಣು ಮುಚ್ಚಿ ಕೇಳಬೇಕು. ನಾನು ಮುಟ್ಟುವುದಿಲ್ಲ. "ಮಿಸ್, ಎಡಗಾಲು ಉದ್ದ ಆಯ್ತು!" "ಇಲ್ಲ ಮಿಸ್, ಇವ್ನ ಕಿವಿ ಸೊಟ್ಟ!" ಎಂದು ಜಗಳ ನಡೆಯುತ್ತಿತ್ತು. ಎಲ್ಲರೂ ಸರಿಯೆಂದು ಒಪ್ಪಿದ ಮೇಲೆ ಪಾಠ. ಕುಂಟು ಬಿಡಿಸಲು ಬಹಳ ದಿನ ಹಿಡಿಯಿತು, ನಿಜ. ಆದರೆ ಆ ಮಕ್ಕಳಿಗೆ ಬಂದಂಥ ಕಿವಿ ಸಾಗರದ ಮಕ್ಕಳಿಗೂ ಬರಲಿಲ್ಲ. ಇದನ್ನು ಮಾಸ್ತರರೆದುರು ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ. ಈಗ ಇದೆ.

ಆಮೇಲೆ ಕರೆಂಟಿನ ತಾಳಯಂತ್ರಗಳು ಬಂದವು. ಸ್ವಿಚ್ ಹಾಕಿದರೆ ಮೃದಂಗದಂಥ ಸದ್ದು. ನಾವೂ ಒಂದು ತಂದೆವು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಯಾವ ಯಾವ ಊರಿಗೋ ದೀಪ ಹಚ್ಚುತ್ತದೆ. ನಮ್ಮಲ್ಲಿ ಮಾತ್ರ ಆದಿತಾಳದ ಅರ್ಧದಲ್ಲಿ ಕರೆಂಟು ಹೋಗುತ್ತಿತ್ತು. ಅದರ ನಂತರ ಬಂತು ಅಂಗೈಯಗಲದ, ಬ್ಯಾಟರಿಯ ಎಲೆಕ್ಟ್ರಾನಿಕ್ ಮೆಟ್ರೊನೋಮ್. ಶಿವಮೊಗ್ಗಕ್ಕೆ ಹೋಗಿ ನಾನೇ ಕೊಂಡು ತಂದೆ.

ಅದರ ಗುಣಗಳನ್ನು ಮುಚ್ಚಿಡುವುದಿಲ್ಲ. ಓರೆಯಾಗಿಟ್ಟರೂ, ತಲೆಕೆಳಗಾಗಿಟ್ಟರೂ, ಬಸ್ಸಿನಲ್ಲಿ ಕುಲುಕಿದರೂ ಕುಂಟುವುದಿಲ್ಲ. ಮಳೆಗಾಲದ ತೇವಕ್ಕೆ ಮರದ ಡಬ್ಬಿಯ ಸ್ಪ್ರಿಂಗ್ ತುಕ್ಕು ಹಿಡಿದು ಮುಲುಗುತ್ತದೆ, ಇದಕ್ಕೆ ಆ ಕಾಟವಿಲ್ಲ. ಕೀಲಿಯದರಲ್ಲಿ ಸಿಗದಷ್ಟು ನಿಧಾನದ ಕಾಲ ಇದರಲ್ಲಿ ಸಿಗುತ್ತದೆ. ಒಂದೊಂದು ಪೆಟ್ಟನ್ನೂ ಮೂರು ಭಾಗ, ಐದು ಭಾಗ ಮಾಡಿ ಕೇಳಿಸುತ್ತದೆ. ತಿಶ್ರ, ಖಂಡ ನಡೆಗಳನ್ನು ಕಲಿಸುವಾಗ ನನ್ನ ಗಂಟಲು ಉಳಿಸಿದ್ದೇ ಅದು. ಕಿವಿಗೆ ಇಯರ್‌ಫೋನಿನ ತಂತಿ ಸಿಕ್ಕಿಸಿಕೊಂಡರೆ ಪಕ್ಕದ ಮನೆಯವರಿಗೂ ತೊಂದರೆಯಿಲ್ಲ. ನಾನು ಆ ಯಂತ್ರವನ್ನು ಚೇತನಾಳಿಗೆ ಮನೆಗೆ ಕೊಟ್ಟೆ.

ತೀರ್ಥಹಳ್ಳಿಯಲ್ಲಿ ನನ್ನ ಹತ್ತಿರವೇ ಕಲಿಯುತ್ತಿದ್ದ ಚೇತನಾ ಆಗ ಪಿಯುಸಿ ಮುಗಿಸಿದ್ದಳು. ಭಾವ ಅವಳಿಗೆ ನರ್ಸಿಂಗ್ ಕಾಲೇಜಿನ ಫಾರಂ ತಂದಿಟ್ಟಿದ್ದರು. ಅವಳು ವಯೊಲಿನ್ ಬಿಟ್ಟು ಬೇರೇನೂ ಓದುವುದಿಲ್ಲ ಎಂದು ಹಟ ಹಿಡಿದಿದ್ದಳು. ಬೆರಳು ಚುರುಕು, ಶ್ರುತಿ ಶುದ್ಧ. ಒಂದೇ ತೊಂದರೆ, ಓಟ. ಅಭ್ಯಾಸಕ್ಕೆಂದೇ ಇರುವ ವರ್ಣವೆಂಬ ಕೃತಿಯನ್ನು ನಿಧಾನ ಕಾಲದಲ್ಲಿ ಶುರು ಮಾಡಿದರೆ, ಕೊನೆಯ ಭಾಗವಾದ ಚರಣಕ್ಕೆ ಬರುವಷ್ಟರಲ್ಲಿ ಇಳಿಜಾರಿನ ಸೈಕಲ್ಲಿನಂತೆ ಓಡುತ್ತಿತ್ತು. ಭಾವ ಒಂದು ಮಾತು ಹೇಳಿದರು: "ಮಾಸ್ತರು ಇವ್ಳನ್ನ ಸೀನಿಯರ್ ಕ್ಲಾಸಿಗೆ ತಗೊಂಡ್ರೆ ನಾ ಸುಮ್ನಿರ್ತೀನಿ. ಇಲ್ಲಾಂದ್ರೆ ನರ್ಸಿಂಗು." ಮಾಸ್ತರರ ಮಾತಿಗೆ ಎದುರಾಡುವವರು ನಮ್ಮ ಸೀಮೆಯಲ್ಲಿ ಇರಲಿಲ್ಲ.

ಎಲೆಕ್ಟ್ರಾನಿಕ್ ಯಂತ್ರದ ಜೊತೆ ಅಭ್ಯಾಸ ಶುರುವಾದ ಮೇಲೆ ಓಟ ನಿಂತೇ ಹೋಯಿತು. ಕಿವಿಯಲ್ಲಿ ತಂತಿ, ಎದುರಿಗೆ ಗೋಡೆ, ವರ್ಣ ಎಳ್ಳಷ್ಟೂ ಅಲುಗದೆ ಸಾಗುತ್ತಿತ್ತು. ನಾನೇ ಅವಳನ್ನು ಸಾಗರಕ್ಕೆ ಕರೆದುಕೊಂಡು ಹೋದೆ.

ಮಾಸ್ತರರ ಪರೀಕ್ಷೆಗೆ ಒಂದು ಪದ್ಧತಿಯಿತ್ತು. ಅವರು ಶಲ್ಯ ಹೊದ್ದು ಕೂರುವರು. ತಾಳ ಹಾಕುವ ಕೈ ಶಲ್ಯದೊಳಗೆ. ನುಡಿಸುವವರಿಗೆ ಕಾಣುವುದಿಲ್ಲ. ಪಲ್ಲವಿಗೆ ಮರಳಿ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಲ್ಲಿಸಿದಾಗ ಮಾತ್ರ ಒಳಗಿಂದ ತೊಡೆಯ ಮೇಲೆ ಜೋರಾಗಿ ಒಂದು ಪೆಟ್ಟು ಕೇಳಿಸುವುದು. ಕಮಾನು ನಿಂತದ್ದೂ ಪೆಟ್ಟು ಬಿದ್ದದ್ದೂ ಒಟ್ಟಿಗೆ ಆದರೆ ಪಾಸು.

ಚೇತನಾ ಕಿವಿಗೆ ತಂತಿ ಹಾಕಿಕೊಂಡು ಕೂತಳು. ಮಾಸ್ತರರು ನೋಡಿದರು. "ಯಾರ ಸಂಗಡ ನುಡಿಸ್ತಾ ಇದ್ದೀಯೆ?"

"ಇದ್ರ ಜೊತೆ ಮಾಸ್ತರೆ."

"ಕಛೇರೀಲಿ ಅದು ನಿನ್ನ ಪಕ್ಕಕ್ಕೆ ಕೂರ್ತದಾ? ತೆಗಿ."

ತೆಗೆದಳು. ನುಡಿಸಿದಳು. ಅನುಪಲ್ಲವಿಯವರೆಗೂ ಸರಿಯಾಗಿತ್ತು. ಆಮೇಲೆ ಇಳಿಜಾರು ಬಂತು, ಸೈಕಲ್ಲು ಓಡಿತು. ಅವಳು ಕಮಾನು ನಿಲ್ಲಿಸಿದಳು. ಎಷ್ಟೋ ಹೊತ್ತಿನ ಮೇಲೆ ಎಂಬಂತೆ ಶಲ್ಯದೊಳಗಿಂದ ಪೆಟ್ಟು ಕೇಳಿಸಿತು, ಒಂಟಿಯಾಗಿ.

ಮಾಸ್ತರರು ಸಿಟ್ಟು ಬಂದಾಗ ಮಾತ್ರ ಮನೆಮಾತಿಗೆ ಇಳಿಯುತ್ತಿದ್ದರು. "ಈ ಕೂಸಿಗೆ ಲಯ ಇಲ್ಲೆ ರೇಣುಕಾ. ಎಂತ ಮಾಡಿದ್ರೂ ಬತ್ತಿಲ್ಲೆ." ಆಮೇಲೆ ನನ್ನ ಮುಖ ನೋಡಿಯೋ ಏನೋ, "ದೀಪಾವಳಿ ಕಳೀಲಿ. ಇನ್ನೊಂದ್ಸಲ ನೋಡ್ತೀನಿ. ಅದೇ ಕಡೇ ಸಲ" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಯಂತ್ರ ಇಸಿದುಕೊಂಡೆ. ಚೇತನಾ ಅತ್ತಳು. "ಅದಿಲ್ದಿದ್ರೆ ನಂಗೆ ಕೋಲು ಕಿತ್ಕೊಂಡಂಗೆ ಆಗ್ತದೆ ಚಿಕ್ಕಿ." ಆಗ ನನಗೆ ತಿಳಿಯಿತು, ನಾನು ಅವಳಿಗೆ ಕೊಟ್ಟದ್ದು ಲಯವಲ್ಲ, ಊರುಗೋಲು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಹಳಬರು ಹಳೆಯದನ್ನೇ ಹೊಗಳುತ್ತಾರೆಂದು ನೀವು ಅಂದುಕೊಳ್ಳಬಹುದು. ಮರದ ಮೆಟ್ರೊನೋಮನ್ನು ತೀರ್ಥಹಳ್ಳಿಯಲ್ಲೇ ಬಿಟ್ಟು ಅವಳಿಗೆ ಕೊಟ್ಟ ಮಾತ್ರಕ್ಕೆ ಅವಳು ಸರಿಹೋಗಲಿಲ್ಲ. ಅದು ಟಕ್ ಎನ್ನುವಾಗ ಸರಿ, ಇಲ್ಲದಾಗ ಓಟ. ಒಂದು ಕೋಲು ಕಸಿದು ಇನ್ನೊಂದು ಕೊಟ್ಟಂತಾಯಿತು ಅಷ್ಟೆ. ವಾರಗಳು ಕಳೆದವು. ಭಾವ ನರ್ಸಿಂಗ್ ಫಾರಮ್ಮನ್ನು ಟಿ.ವಿ. ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದರು.

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ಹೊಸನಗರದ ಪಾಠ ಮುಗಿಸಿ ತೀರ್ಥಹಳ್ಳಿಗೆ ಹೋಗುತ್ತಿದ್ದೆ. ಬಸ್ಸು ಕವಲೇದುರ್ಗದ ಕೋಟೆಗೆ ದಾರಿ ತೋರುವ ಕೈಮರ ದಾಟುವಾಗ ಹೊಳೆಯಿತು: ಕೀಲಿ ಪೂರ್ತಿ ಕೊಡಬಾರದು, ಅರ್ಧ ಕೊಡಬೇಕು. ವರ್ಣದ ನಡುವೆ ಅದು ತಾನಾಗಿ ನಿಲ್ಲಬೇಕು. ಯಾವಾಗ ನಿಲ್ಲುತ್ತದೆಂದು ನುಡಿಸುವವರಿಗೆ ಗೊತ್ತಿರಬಾರದು. ಕೋಟೆ, ಕೈಮರ, ಹೊಳಹು ಎಲ್ಲ ಎಷ್ಟು ಚೆನ್ನಾಗಿ ಕೂಡಿಬಂದಿವೆ ನೋಡಿ! ಅದಕ್ಕೇ ನನಗೆ ಅನುಮಾನ. ಆ ದಿನದ ಡೈರಿಯಲ್ಲಿ ಇರುವುದು ಟಿಫನ್ ಬಾಕ್ಸ್ ಬಸ್ಸಿನಲ್ಲಿ ಮರೆತೆ ಎಂಬ ಒಂದೇ ಸಾಲು.

ಆಮೇಲಿನದರಲ್ಲಿ ಅನುಮಾನವಿಲ್ಲ. ತೀರ್ಥಹಳ್ಳಿಯ ತರಗತಿ ಒಂದು ಫೋಟೋ ಸ್ಟುಡಿಯೋದ ಮೇಲಿನ ಕೋಣೆಯಲ್ಲಿತ್ತು. ಮೆಟ್ರೊನೋಮ್ ಕಿಟಕಿಯ ಕಟ್ಟೆಯ ಮೇಲೆ, ಚೇತನಾ ಅದಕ್ಕೆ ಬೆನ್ನು ಹಾಕಿ ಕೂತು ವರ್ಣ ನುಡಿಸುತ್ತಿದ್ದಳು. ಅನುಪಲ್ಲವಿ ಮುಗಿಯುವ ಹೊತ್ತಿಗೆ ಟಕ್ ಟಕ್ ಮೆತ್ತಗಾಯಿತು. ಲೋಲಕದ ಬೀಸು ಕಿರಿದಾಯಿತು. ಮುಕ್ತಾಯಿ ಸ್ವರದ ನಡುವೆ ನಿಂತೇ ಹೋಯಿತು. ಅವಳು ನಿಲ್ಲಿಸಲಿಲ್ಲ. ಚರಣಕ್ಕೆ ಹೋದಳು. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಸರಿಯಾಗಿದೆ ಅನಿಸಿತು. ಆದರೆ ನನ್ನ ಕೈಯೇ ಅವಳ ಹಿಂದೆ ಓಡುತ್ತಿದ್ದರೆ? ಎದ್ದು ಹೋಗಿ ಕೀಲಿಯನ್ನು ಎರಡು ಸುತ್ತು ತಿರುವಿ, ಅವಳ ತಾಳಕ್ಕೇ ಸರಿಯಾಗಿ ಲೋಲಕವನ್ನು ಬಿಟ್ಟೆ. ಟಕ್ ಎಂಬುದು ಅವಳ ಕಮಾನಿನ ಕೆಳಗೇ ಬಂದು ಕೂತಿತು. ಮುಂದಿನದೂ, ಅದರ ಮುಂದಿನದೂ. ಇಬ್ಬರೂ ಕೂಡಿಯೇ ಹೋದರು.

ವರ್ಣ ಮುಗಿಸಿ ಅವಳು ತಿರುಗಿ ನೋಡಿದಳು. "ನಿಂತಿತ್ತಾ ಅದು?"

"ಚರಣದ ಅರ್ಧದವರೆಗೂ ನಿಂತೇ ಇತ್ತು."

"ಸುಳ್ಳು!"

"ಕೆಳಗೆ ಸ್ಟುಡಿಯೋದವ್ರನ್ನ ಕೇಳು ಬೇಕಾದ್ರೆ."

"ಅವ್ರಿಗೆ ಕ್ಯಾಮೆರಾ ಸದ್ದು ಬಿಟ್ಟು ಬೇರೆ ಕೇಳಲ್ಲ" ಎಂದು ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು.

ಯಾಕೆ ಹೀಗಾಯಿತೆಂದು ಆಮೇಲೆ ತುಂಬ ಯೋಚಿಸಿದ್ದೇನೆ. ಎಲೆಕ್ಟ್ರಾನಿಕ್ ಯಂತ್ರವನ್ನು ಆರಿಸಿದರೆ ಒಮ್ಮೆಗೇ ಆರುತ್ತದೆ. ಕೈ ಬಿಟ್ಟಂತೆ ಆಗುತ್ತದೆ, ಹೆದರಿಕೆಗೆ ಓಡುತ್ತೇವೆ. ಕೀಲಿಯದು ಹಾಗಲ್ಲ. ಅದು ಮೆತ್ತಗಾಗುತ್ತಾ ಹೋಗುತ್ತದೆ. ಮೆತ್ತಗಾದ ಸದ್ದನ್ನು ಹಿಡಿಯಲು ಕಿವಿ ಮುಂದೆ ಹೋಗುತ್ತದೆ. ಅದು ಪೂರ್ತಿ ನಿಲ್ಲುವ ಹೊತ್ತಿಗೆ ಅದರ ಕೆಲಸವನ್ನು ಕಿವಿಯೇ ವಹಿಸಿಕೊಂಡಿರುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ.

ಅಂದಿನಿಂದ ಪಾಠವಿದ್ದ ದಿನವೆಲ್ಲ ಅರ್ಧ ಕೀಲಿ. ಕೆಲವು ದಿನ ಕಾಲು ಕೀಲಿ. ಕೆಲವು ದಿನ ಮೋಸ ಮಾಡಲು ಪೂರ್ತಿ. ಓಡಿದ ದಿನಗಳೂ ಇದ್ದವು. ಓಡಿದರೆ ಮತ್ತೆ ಬಿಟ್ಟ ಲೋಲಕ ಅವಳಿಗೆ ಸಿಗುತ್ತಿರಲಿಲ್ಲ, ಇಬ್ಬರೂ ಬೇರೆ ಬೇರೆ ದಾರಿ ಹಿಡಿದಿರುತ್ತಿದ್ದರು. "ಮತ್ತೆ" ಎನ್ನುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಶುರು ಮಾಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಸಾಗರಕ್ಕೆ ಹೋದೆವು. ಈ ಸಲ ಭಾವನೂ ಬಂದಿದ್ದರು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತರು, ಒಳಗೆ ಬನ್ನಿ ಎಂದರೂ ಬರಲಿಲ್ಲ. ಮಾಸ್ತರರು ಶಲ್ಯ ಹೊದ್ದು ಕೂತರು. ಚೇತನಾ ಬರಿಗಿವಿಯಲ್ಲಿ ಕಮಾನು ಎತ್ತಿದಳು. ಮೊದಲ ಕಾಲ ಮುಗಿಯಿತು. ಮಾಸ್ತರರ ಮುಖದಲ್ಲಿ ಏನೂ ಇಲ್ಲ. ಎರಡನೇ ಕಾಲ, ಅಂದರೆ ದುಪ್ಪಟ್ಟು ವೇಗ, ಶುರುವಾಯಿತು. ಇಳಿಜಾರು ಬರುವ ಜಾಗ ನನಗೆ ಗೊತ್ತಿತ್ತು. ಅಲ್ಲಿ ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿದಳು, ಕಿಟಕಿಯ ಕಟ್ಟೆಯ ಮೇಲೆ ಮೆತ್ತಗಾಗುತ್ತಿರುವುದನ್ನು ಕೇಳಿಸಿಕೊಳ್ಳುವವಳಂತೆ. ಅಲ್ಲಿ ಕಿಟಕಿಯೂ ಇರಲಿಲ್ಲ, ಮೆಟ್ರೊನೋಮೂ ಇರಲಿಲ್ಲ. ಚರಣ ದಾಟಿತು. ಸಮಕ್ಕೆ ಬಂದಳು, ಕಮಾನು ನಿಂತಿತು. ಪೆಟ್ಟು ಅದರೊಳಗೇ ಬಿತ್ತು. ಎರಡು ಸದ್ದು ಇರಲೇ ಇಲ್ಲ, ಒಂದೇ.

ಮಾಸ್ತರರು ಅವಳನ್ನು ಹೊಗಳಲಿಲ್ಲ. ನನ್ನ ಕಡೆ ತಿರುಗಿದರು. "ಆ ನಿನ್ನ ಗಡಿಯಾರಕ್ಕೆ ಎಷ್ಟು ಕೀಲಿ ಕೊಟ್ಟೆ?"

ಅವರಿಗೆ ಯಾರು ಹೇಳಿದ್ದರೋ! "ಅರ್ಧ, ಮಾಸ್ತರೆ."

"ಪೂರ್ತಿ ಕೊಡ್ದೇ ಇದ್ದದ್ದು ಚೊಲೋ ಆತು." ಮನೆಮಾತು, ಆದರೆ ಸಿಟ್ಟಿರಲಿಲ್ಲ. ಆಮೇಲೆ ಬಾಗಿಲ ಕಡೆ ನೋಡಿ, "ಸೋಮವಾರದಿಂದ ಸೀನಿಯರ್ ಕ್ಲಾಸಿಗೆ ಕಳ್ಸಿ" ಎಂದರು. ಭಾವ ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಹೊರಗೆ ನಮ್ಮಿಬ್ಬರಿಗೂ ಐಸ್‌ಕ್ರೀಂ ಕೊಡಿಸಿದರು.

ಮುಂದೆ ಮಾಸ್ತರರೇ ಸಾಗರದ ತರಗತಿಗೂ ಮರದ ಡಬ್ಬಿ ತರಲು ಹೇಳಿದರು. "ಅರ್ಧ ಕೀಲಿ" ಎಂಬುದು ನಮ್ಮ ಶಾಲೆಯ ಮಾತಾಯಿತು. ಬೇರೆ ಊರಿನ ಶಿಕ್ಷಕರು ಬಂದು ನೋಡಿ ಹೋದರು. ಈಗಿನ ಮೊಬೈಲ್ ಆ್ಯಪ್‌ಗಳಲ್ಲಿ ನಡುನಡುವೆ ತಾನೇ ಮೌನವಾಗುವ ಸೌಲಭ್ಯವಿದೆಯಂತೆ. ಒಳ್ಳೆಯದೇ. ಫೋಟೋ ಸ್ಟುಡಿಯೋದ ಮೇಲೆ ನಾವು ಅದನ್ನು ಒಂದು ತುಕ್ಕು ಹಿಡಿದ ಸ್ಪ್ರಿಂಗಿನಲ್ಲೇ ಮಾಡಿದ್ದೆವು. ನನ್ನ ವೃತ್ತಿಯಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ಇದೊಂದನ್ನೇ.

ಚೇತನಾ, ನಿನ್ನ ಪ್ರಶ್ನೆಗೆ ಉತ್ತರ. ಮನೆಯ ಅಭ್ಯಾಸಕ್ಕೆ, ನಡೆಗಳನ್ನು ಕಲಿಸಲು, ಅತಿ ನಿಧಾನದ ಕಾಲಕ್ಕೆ ಬ್ಯಾಟರಿಯದೇ ಸರಿ. ಫೋನಿನಲ್ಲಿರುವುದೂ ಆದೀತು, ಕರೆ ಬಾರದಂತೆ ಮಾಡಿಕೊಂಡರೆ. ಆದರೆ ಮೊದಲ ವರ್ಷದ ಮಕ್ಕಳೆದುರು ಕೀಲಿಯದನ್ನೇ ಇಡು. ಅದನ್ನು ನಂಬುವ ಮೊದಲು ಅವರು ಅದನ್ನು ಕೇಳಲೇಬೇಕಾಗುತ್ತದೆ. ಹಳೆಯದು ಇರುವಾಗ ಹೊಸ ಮರದ ಡಬ್ಬಿ ಬೇಡ. ಪೋಷಕರ ದುಡ್ಡಿನಲ್ಲಿ ಬ್ಯಾಟರಿಯದು ತಗೊ, ಒಂದಲ್ಲ, ಮೂರೂ ಊರಿಗೆ ಒಂದೊಂದು.

ಇಷ್ಟು ಬರೆದು, ತೋರಿಸಲು ಹೋದ ವಾರ ತೀರ್ಥಹಳ್ಳಿಗೆ ಹೋಗಿದ್ದೆ. ಮಕ್ಕಳು ಟಿಕೆಟ್ ಮಡಚುತ್ತಿದ್ದರು. ಈಗಿನ ಬಸ್ ಟಿಕೆಟ್ ತೀರಾ ತೆಳು, ಮಡಿಕೆ ಜಾಸ್ತಿ ಬೇಕು. ಚೇತನಾ ಬಂದು ಪಕ್ಕದಲ್ಲಿ ಕೂತು ಹಾಳೆಗಳನ್ನು ಓದಿದಳು. ಕೈಮರದ ಜಾಗಕ್ಕೆ ಬಂದಾಗ ಅವಳ ತುಟಿಯ ಮೂಲೆಯಲ್ಲಿ ನಗುವಿನಂಥ ಏನೋ ಒಂದು ಬಂದು ಹೋಯಿತು.

"ಎಂತದು?" ಎಂದೆ.

"ಏನಿಲ್ಲ. ಚೆನಾಗಿದೆ ಚಿಕ್ಕಿ."

ಆಗ ನನಗೆ ನೆನಪಾಯಿತು. ನಮ್ಮ ಕ್ರಮದಲ್ಲಿ ಪಾಠ ಶುರುವಾಗುವ ಮೊದಲು ಕೀಲಿ ಕೊಡುತ್ತಿದ್ದದ್ದು ನಾನಲ್ಲ. ಆ ದಿನದವರೆಗೆ ಯಾವತ್ತೂ ನಾನಲ್ಲ, ನುಡಿಸುವವರೇ. ಆ ದಿನ ಫೋಟೋ ಸ್ಟುಡಿಯೋದ ಮೇಲೆ ನನಗಿಂತ ಮೊದಲು ಡಬ್ಬಿಯ ಹತ್ತಿರ ಕೂತಿದ್ದವಳು ಅವಳು. ಬಸ್ಸಿನಲ್ಲಿ ನನಗೆ ಹೊಳೆದದ್ದನ್ನು ನಾನು ಅವಳಿಗೆ ಹೇಳಿದ ನೆನಪೇ ನನಗಿಲ್ಲ. ಹೇಳಿದ್ದರೆ ಅವಳು "ನಿಂತಿತ್ತಾ ಅದು?" ಎಂದು ಯಾಕೆ ಕೇಳುತ್ತಿದ್ದಳು? ಗೊತ್ತಿದ್ದೂ ಕೇಳಿದ್ದಳೇ? ಶಿಷ್ಯೆ ತನ್ನ ಕೋಲನ್ನು ತಾನೇ ಬಿಸಾಡಿ, ಅದರ ಕೀರ್ತಿಯನ್ನು ಇಷ್ಟು ವರ್ಷ ಗುರುವಿನ ಹೆಸರಿನಲ್ಲೇ ನಡೆಸಿಕೊಂಡು ಬಂದಿದ್ದರೆ, ನನ್ನ ಹೆಮ್ಮೆ ಏನೂ ಕಡಿಮೆಯಾಗುವುದಿಲ್ಲ. ಬೇರೆ ಕಡೆ ಹೋಗಿ ಕೂರುತ್ತದೆ ಅಷ್ಟೆ. ಆದರೆ ಗೊತ್ತಾಗಬೇಕಲ್ಲ.

ಕೇಳಿದೆ. ಅವಳು ಎದ್ದು ಮಕ್ಕಳ ಹತ್ತಿರ ಹೋದಳು. ರಾತ್ರಿ ಫೋನಿನಲ್ಲಿ ಕೇಳಿದರೆ ಊಟ ಆಯ್ತಾ ಎಂದಳು. ಮೊನ್ನೆ ಮೆಸೇಜ್ ಹಾಕಿದ್ದೇನೆ. ಓದಿದ್ದಾಳೆ. ಇಲ್ಲೂ ಬರೆದಿಡುತ್ತೇನೆ, ಹೇಗೂ ಎಲ್ಲರಿಗೂ ಓದಿಸುತ್ತಾಳಲ್ಲ:

ಚೇತನಾ, ಅವತ್ತು ಕೀಲಿಯನ್ನು ಅರ್ಧಕ್ಕೇ ನಿಲ್ಲಿಸಿದ್ದು ಯಾರೇ, ನಾನಾ, ನೀನಾ?